ಹತ್ತನೆಯವನು

ಲಿಂಗಸುಗೂರಿನಲ್ಲಿ ನಮ್ಮ ಬಾಲ್ಯವು ಕಳೆಯಿತು. ಆ ಊರಿನ ಒಂದು ಭಾಗವನ್ನು ನಮ್ಮ ಹಿರಿಯರು ‘ಛಾವಣಿ’ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಹೈದರಾಬಾದ್ ಕಾಂಟಿಂಜೆಂಟ್ ಎಂಬ ಸೈನ್ಯದ ತುಕಡಿಯೊಂದು ಅಲ್ಲಿ ಬೀಡುಬಿಟ್ಟಿದ್ದುದೇ ಆ ಹೆಸರಿಗೆ ಕಾರಣವು. ೧೯೦೫ರವರೆಗೆ ಲಿಂಗಸುಗೂರು ಒಂದು ಜಿಲ್ಲೆಯ ಮುಖ್ಯಸ್ಥಾನವೂ ಆಗಿದ್ದಿತು. ನಾವು ಹುಟ್ಟುವ ವೇಳೆಗೆ ದಂಡೂ ಹೋಗಿದ್ದಿತು, ಜಿಲ್ಲೆಯೂ ಹೋಗಿದ್ದಿತು, ಹೆಸರೊಂದು ಉಳಿದಿದ್ದಿತು. ಹೀಗಿದ್ದರೂ ಹಟಮಾಡುವ ಮಕ್ಕಳನ್ನು ‘ದಂಡಿನವರು ಬಂದರು’ ಎಂದು ಹೆದರಿಸುವ ಪದ್ಧತಿಯು ನಮ್ಮ ಮನೆಯಲ್ಲಿ ನಮ್ಮ ಕಾಲದವರೆಗೂ ನಡೆದುಬಂದಿತು. ಆದುದರಿಂದ ಸೈನ್ಯವೆಂದೊಡನೆ ಬಂದೂಕು, ಬೂಟು, ಬೈಗುಳು ಇವು ಮೂರೇ ನಮ್ಮ ಕಣ್ಣಮುಂದೆ ನಿಲ್ಲುತ್ತಿದ್ದುವು. ಅಲ್ಲಿ ದೀಪ ಹಚ್ಚುವವನೊಬ್ಬನಿರುವನು, ರೋಗಿಯ ಹಾಸಿಗೆಯ ಬಳಿ ಕುಳಿತು ಭಗವನ್ನಾಮ ಹೇಳುವವನೊಬ್ಬನಿರುವನು ಎಂಬುದನ್ನು ಮೂವತ್ತೈದು ವರ್ಷ ದಾಟುವವರೆಗೂ ನಾವು ಅರಿಯೆವು. ಅರಿತದ್ದು ಒಬ್ಬ ಶಿಷ್ಯನಿಂದ. ಆ ಶಿಷ್ಯನ ವಿಷಯದಲ್ಲಿ ನಾವು ಮಾಡಿದ ಒಂದು ತಪ್ಪನ್ನೂ, ಅದನ್ನು ಅವನು ತಿದ್ದಿದ ಬಗೆಯನ್ನೂ ಗೃಹಸ್ಥರಾದ ವಾಚಕರ ಮುಂದೆ ಇಡಬೇಕೆಂದು ಬಹುದಿನಗಳಿಂದ ಮನಸ್ಸಿನಲ್ಲಿದ್ದಿತು. ಈಗ ನಮಗೆ ಅರವತ್ತು ತುಂಬಿತು. ಇನ್ನು ತಡಮಾಡುವುದು ಸರಿಯಲ್ಲ.

ನಾವು ಸಿಂಧನೂರಿನ ಒಂದು ಪ್ರೌಢಶಾಲೆಯಲ್ಲಿ ಉಪಾಧ್ಯಾಯರಾಗಿದ್ದೆವು. ತುಂಗಭದ್ರೆಯ ಎಡದಂಡೆಯ ಕಾಲುವೆ ಬಂದ ಮೇಲೆ ಜೋಳದ ಸೀಮೆಯು ಬತ್ತದ ಸೀಮೆಯಾಯಿತು. ಆಂಧ್ರದ ರೈತರು ಬಂದು ನೆಲೆಸಿದರು. ಪೂರ್ವ ಬಂಗಾಳದಲ್ಲಿ ಮನೆಮಠಗಳನ್ನು ಕಳೆದುಕೊಂಡು ಬಂದವರಿಗೆ ಊರಿನ ಸುತ್ತ ಕ್ಯಾಂಪುಗಳು ಎದ್ದುವು. ನಮ್ಮ ತರಗತಿಯಲ್ಲಿ ಕನ್ನಡ, ತೆಲುಗು, ಉರ್ದು, ಬಂಗಾಳಿ ಹೀಗೆ ನಾಲ್ಕು ಮನೆಮಾತಿನ ಮಕ್ಕಳು ಒಂದೇ ಹಲಗೆಯ ಮೇಲೆ ಕುಳಿತು ‘ರಾಮಃ ರಾಮೌ ರಾಮಾಃ’ ಎಂದು ಒಕ್ಕೊರಲಿನಿಂದ ಹೇಳುವಾಗ ಕೇಳಲು ಹಿತವಾಗುತ್ತಿದ್ದಿತು. ಆ ಮಕ್ಕಳಲ್ಲಿ ಮಸ್ಕಿಯ ಕಡೆಯಿಂದ ಬಂದ ಒಬ್ಬ ಬಡ ಪುರೋಹಿತರ ಮನೆಯ ಹುಡುಗನಿದ್ದನು. ತಂದೆಯಿರಲಿಲ್ಲ. ಬುದ್ಧಿ ಚುರುಕು, ಕಂಠವು ಗಂಟೆಯಂತೆ. ಸಂಜೆಯಲ್ಲಿ ನಮ್ಮ ಮನೆಯ ಜಗುಲಿಯ ಮೇಲೆ ಅವನಿಗೆ ವ್ಯಾಕರಣವನ್ನೂ, ಮುಂದೆ ತರ್ಕ ಮೀಮಾಂಸೆಗಳ ಮೊದಲ ಪಾಠಗಳನ್ನೂ ಹೇಳಿದೆವು. ವೇದಾಂತಿಗಳು ಹೇಳುವ ‘ದಶಮ’ನ ಕಥೆಯೆಂದರೆ ಅವನಿಗೆ ಬಹಳ ಪ್ರೀತಿ. ಹತ್ತು ಜನ ಪಯಣಿಗರು ಹೊಳೆಯನ್ನು ದಾಟಿ, ದಡದಲ್ಲಿ ನಿಂತು ತಮ್ಮನ್ನು ತಾವು ಎಣಿಸಿಕೊಳ್ಳುವರು. ಎಣಿಸುವವನು ತನ್ನನ್ನು ಬಿಟ್ಟು ಎಣಿಸುವನಾದುದರಿಂದ ಯಾರು ಎಣಿಸಿದರೂ ಒಂಬತ್ತೇ. ಒಬ್ಬನು ಮುಳುಗಿದನೆಂದು ಎಲ್ಲರೂ ಅಳುತ್ತಿರುವಾಗ ದಾರಿಹೋಕನೊಬ್ಬನು ಬಂದು ‘ಹತ್ತನೆಯವನು ನೀನೇ’ ಎಂದು ಬೆರಳಿಟ್ಟು ತೋರಿಸುವನು. ಈ ಕಥೆಯನ್ನು ಹುಡುಗನು ಕೇಳಿದಷ್ಟು ಸಲವೂ ಹೊಸದೆಂಬಂತೆ ನಗುತ್ತಿದ್ದನು. ಅವನು ಹೊರಗೆ ಹೋಗಿ ಪಾಠಶಾಲೆಯಲ್ಲಿ ಓದಿ ಶಾಸ್ತ್ರಿಯಾದನು, ಕರ್ಮಕಾಂಡವನ್ನೂ ಕಲಿತನು. ಸಿಂಧನೂರಿನಲ್ಲಿ ನಾವು ನಡೆಸುತ್ತಿದ್ದ ಸಣ್ಣದೊಂದು ಸಂಜೆಯ ಪಾಠಶಾಲೆಯನ್ನು ಅವನ ಕೈಗೆ ಕೊಡಬೇಕೆಂದು ನಾವು ಮನಸ್ಸಿನಲ್ಲಿಯೇ ನಿಶ್ಚಯಿಸಿಕೊಂಡಿದ್ದೆವು. ಅವನನ್ನು ಕೇಳಿರಲಿಲ್ಲ. ಹಿರಿಯರಾದವರು ಮಾಡುವ ತಪ್ಪುಗಳಲ್ಲಿ ಇದು ಮೊದಲನೆಯದು.

೨೦೦೨ರಲ್ಲಿ ಅವನು ಒಂದು ವೃತ್ತಪತ್ರಿಕೆಯ ತುಂಡನ್ನು ತಂದು ನಮ್ಮ ಮುಂದೆ ಇಟ್ಟನು. ಭಾರತದ ಸೈನ್ಯಕ್ಕೆ ಧರ್ಮಗುರುಗಳು ಬೇಕಾಗಿದ್ದಾರೆಂಬ ಪ್ರಕಟಣೆಯು ಅದರಲ್ಲಿದ್ದಿತು. ನಾವು ಅದನ್ನು ಎರಡು ಸಲ ಓದಿ, ಕನ್ನಡಕವನ್ನು ತೆಗೆದಿಟ್ಟು, ‘ವೇದ ಕಲಿತವನು ಬಂದೂಕಿನವರ ಮನೆಯಲ್ಲಿ ಊಳಿಗಕ್ಕೆ ನಿಲ್ಲುವನೆ?’ ಎಂದೆವು. ಅವನ ತಾಯಿಯು ಮಾರನೆಯ ದಿನ ಮಸ್ಕಿಯಿಂದ ಬಸ್ಸಿನಲ್ಲಿ ಬಂದು ಬಾಗಿಲಲ್ಲಿ ನಿಂತು, ‘ಮಾಸ್ತರ, ನನ್ನ ಮಗ ಪೂಜಿ ಮಾಡಾಕ ಹೋಗ್ತಾನೋ, ಬಂದೂಕ ಹಿಡಿಯಾಕ ಹೋಗ್ತಾನೋ? ಅದೊಂದ್ ಹೇಳ್ರಿ’ ಎಂದು ಕೇಳಿದಳು. ‘ಪೂಜಿ ಮಾಡಾಕನ ಹೋಗ್ತಾನವ್ವಾ’ ಎಂದು ಹೇಳಿದೆವೇ ಹೊರತು ಇನ್ನೊಂದು ಒಳ್ಳೆಯ ಮಾತನ್ನು ಸೇರಿಸಲಿಲ್ಲ. ಪ್ರಕಟಣೆಯಲ್ಲಿ ಓಟದ ಪರೀಕ್ಷೆಯೂ ಇದ್ದಿತು: ೧೬೦೦ ಮೀಟರು ದೂರವನ್ನು ೮ ನಿಮಿಷಗಳಲ್ಲಿ ಮುಟ್ಟಬೇಕು. ಆ ಹುಡುಗನು ಪ್ರತಿದಿನವೂ ನಸುಕಿನಲ್ಲಿ ಪಂಚೆಯನ್ನು ಮೇಲಕ್ಕೆ ಕಟ್ಟಿ ಕಾಲುವೆಯ ಏರಿಯ ಮೇಲೆ ಓಡುವುದನ್ನೂ, ಬತ್ತದ ಗದ್ದೆಗೆ ನೀರು ತಿರುವಲು ಬಂದ ರೈತರು ‘ಸ್ವಾಮೇರ ಹಿಂದ ಯಾರ ಬೆನ್ನ ಹತ್ಯಾರೋ!’ ಎಂದು ನಗುವುದನ್ನೂ ಕೇಳಿ ನಾವೂ ನಕ್ಕೆವು. ‘ದಂಡಿಗೆ ಹೆದರದವನು ದಾಸಯ್ಯನ ಶಂಖಕ್ಕೆ ಹೆದರಿದ’ ಎಂಬ ಗಾದೆಯುಂಟಷ್ಟೆ. ಶಂಖವನ್ನೇ ಹಿಡಿದುಕೊಂಡು ದಂಡಿಗೆ ಹೋಗುವವನನ್ನು ನಾವು ಕಂಡುದು ಅದೇ ಮೊದಲು. ಅವನು ಆಯ್ಕೆಯಾದನು. ಹೊರಡುವ ದಿನ ಕಾಲಿಗೆರಗಿದಾಗ ಅಕ್ಷತೆಯನ್ನು ಹಾಕಿದೆವು. ಮನಸ್ಸಿನಲ್ಲಿ ಮುನಿಸು ಉಳಿಯಿತು.

ಈ ಉದ್ಯೋಗದ ಸ್ವರೂಪವನ್ನು ವಾಚಕರಲ್ಲಿ ಅನೇಕರು ಅರಿತಿರಲಾರರಾದುದರಿಂದ ಎರಡು ಮಾತು ಹೇಳುವುದು ಅವಶ್ಯ. ನಮ್ಮ ಸೈನ್ಯದಲ್ಲಿ ಪಂಡಿತ, ಮೌಲವಿ, ಗ್ರಂಥಿ, ಪಾದ್ರಿ, ಬೌದ್ಧಭಿಕ್ಷು ಎಂದು ಬೇರೆ ಬೇರೆ ಮತಗಳ ಧರ್ಮಗುರುಗಳಿದ್ದಾರೆ. ಇವರಿಗೆ ನಾಯಬ್ ಸುಬೇದಾರರ ಪದವಿ. ಹವಾಲ್ದಾರನಿಗಿಂತ ಮೇಲೆ, ಅಧಿಕಾರಿಗಳಿಗಿಂತ ಕೆಳಗೆ. ಪುಣೆಯ ರಾಷ್ಟ್ರೀಯ ಏಕೀಕರಣ ಸಂಸ್ಥೆಯಲ್ಲಿ ಇವರಿಗೆ ಶಿಕ್ಷಣವಾಗುತ್ತದೆ. ಕೆಲಸವು ಗುಡಿಯ ಪೂಜೆಯಷ್ಟೇ ಅಲ್ಲ. ಶವಸಂಸ್ಕಾರಕ್ಕೆ ನಿಲ್ಲುವುದು, ಆಸ್ಪತ್ರೆಯಲ್ಲಿ ರೋಗಿಗಳನ್ನು ನೋಡುವುದು, ಚೇತರಿಸಿಕೊಳ್ಳುವವರೊಡನೆ ಪ್ರಾರ್ಥನೆಯನ್ನು ಓದುವುದು, ಶಿಕ್ಷೆಗೆ ಗುರಿಯಾಗಿ ಬಂಧನದಲ್ಲಿರುವ ಸಿಪಾಯಿಯನ್ನು ಕಂಡು ಮಾತನಾಡಿಸುವುದು, ಸಂಸಾರಗಳ ಮಕ್ಕಳಿಗೆ ಪಾಠ ಹೇಳುವುದು ಇವೆಲ್ಲವೂ ಅವರ ಹೊಣೆಯೇ. ಹೊಸ ಸಿಪಾಯಿಗಳು ಪ್ರತಿಜ್ಞೆ ಮಾಡುವಾಗ ಅವರವರ ಧರ್ಮಗ್ರಂಥವನ್ನು ಮುಂದೆ ಹಿಡಿದು ನಿಲ್ಲುವವರೂ ಇವರೇ. ಹಲವು ಮತಗಳವರು ಕೂಡಿರುವ ದಳಗಳಲ್ಲಿ ಗುಡಿ, ಮಸೀದಿ, ಗುರುದ್ವಾರ, ಇಗರ್ಜಿಗಳು ಒಂದೇ ಸೂರಿನ ಕೆಳಗೆ ಇರುವುದುಂಟು. ಅದಕ್ಕೆ ಸರ್ವಧರ್ಮಸ್ಥಳವೆಂದು ಹೆಸರು.

ನಮ್ಮ ಶಿಷ್ಯನಿಗೆ ಕೆಲವು ಕಾಲದ ಮೇಲೆ ಉತ್ತರದೇಶದ ಒಂದು ಸೈನಿಕ ವಿದ್ಯಾಲಯಕ್ಕೆ ವರ್ಗವಾಯಿತು. ಮುಂದೆ ಅಧಿಕಾರಿಗಳಾಗತಕ್ಕ ತರುಣರು ಅಲ್ಲಿ ಕಲಿಯುತ್ತಾರೆ. ಅವರಿಗೆ ಕೆಡೆಟ್ಟುಗಳೆಂದು ಹೆಸರು. ಅವನು ತಿಂಗಳಿಗೊಂದು ಕಾಗದವನ್ನು ಬರೆಯುತ್ತಿದ್ದನು. ‘ಗುರುಗಳೆ, ನನ್ನ ಬಳಿಗೆ ದೇವರನ್ನು ಕೇಳಿಕೊಂಡು ಬರುವವರಿಗಿಂತ ಮನೆಯ ಸುದ್ದಿಯನ್ನು ಹೇಳಿಕೊಂಡು ಬರುವವರೇ ಹೆಚ್ಚು’ ಎಂದು ಒಂದರಲ್ಲಿ ಬರೆದಿದ್ದನು. ಮತ್ತೊಂದು ಕಾಗದದಲ್ಲಿ, ‘ಇಲ್ಲಿಯ ಹುಡುಗರಿಗೆ ನಿದ್ದೆಯೇ ಸಾಲದು. ಭಾನುವಾರ ಗುಡಿಗೆ ಬಂದು ಕುಳಿತವರು ಕುಳಿತಲ್ಲಿಯೇ ತೂಕಡಿಸುತ್ತಾರೆ. ಎಬ್ಬಿಸಲು ಮನಸ್ಸು ಬಾರದು. ಆದಕಾರಣ ಮಂಗಳಾರತಿಯನ್ನು ಹತ್ತು ನಿಮಿಷ ತಡವಾಗಿ ಮಾಡುತ್ತಿದ್ದೇನೆ, ಇದರಿಂದ ದೋಷವುಂಟೆ?’ ಎಂದು ಕೇಳಿದ್ದನು. ನಾವು ಉತ್ತರದಲ್ಲಿ ಕಾಲಾತಿಕ್ರಮದ ಪ್ರಾಯಶ್ಚಿತ್ತವನ್ನು ಬರೆದೆವು! ನಮ್ಮ ಮನೆಯವರು ಆ ಕಾಗದವನ್ನು ಓದಿಸಿ ಕೇಳಿ, ‘ದೇವರಿಗೇನು ಹತ್ತು ನಿಮಿಷ ಕಾಯಲಾಗದೆ? ತಾಯಿಯಾದವಳು ಕಾಯುವುದಿಲ್ಲವೆ?’ ಎಂದರು. ಆ ಮಾತನ್ನು ಆಗ ನಾವು ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ.

೨೦೦೪ರಲ್ಲಿ ಬಂದ ಒಂದು ಕಾಗದದಲ್ಲಿ ಹೊಸ ಸಂಗತಿಯೊಂದಿದ್ದಿತು. ಕೆಡೆಟ್ಟುಗಳಲ್ಲಿ ಒಬ್ಬನು ಯೆಹೂದ್ಯನು. ಇಡೀ ವಿದ್ಯಾಲಯದಲ್ಲಿ ಆ ಮತದವನು ಅವನೊಬ್ಬನೇ. ಕೊಂಕಣದ ಬೆನೆ ಇಸ್ರಾಯೇಲ್ ಎಂಬ ಪಂಗಡದವನು, ಮನೆಮಾತು ಮರಾಠಿ. ಈ ಪಂಗಡದವರು ಹಿಂದೆ ಕೊಂಕಣದ ಹಳ್ಳಿಗಳಲ್ಲಿ ಗಾಣದಿಂದ ಎಣ್ಣೆ ತೆಗೆದು ಜೀವಿಸುತ್ತಿದ್ದರು. ಶನಿವಾರ ಅವರಿಗೆ ವಿಶ್ರಾಂತಿಯ ದಿನವಾದುದರಿಂದ ಆ ದಿನ ಗಾಣವನ್ನು ಕಟ್ಟುತ್ತಿರಲಿಲ್ಲ. ಅದಕ್ಕಾಗಿ ನೆರೆಯವರು ಅವರನ್ನು ‘ಶನಿವಾರ ತೇಲಿ’, ಎಂದರೆ ಶನಿವಾರದ ಗಾಣಿಗರು, ಎಂದು ಕರೆದರು. ಬ್ರಿಟಿಷರ ಕಾಲದಲ್ಲಿ ಮುಂಬಯಿಯ ಸೈನ್ಯಕ್ಕೆ ಇವರಲ್ಲಿ ಅನೇಕರು ಸೇರಿದರು. ನಮ್ಮ ನಾಡಿಗೂ ಇವರಿಗೂ ಒಂದು ಹಳೆಯ ನಂಟುಂಟು. ಮೈಸೂರಿನ ಎರಡನೆಯ ಯುದ್ಧದಲ್ಲಿ ಸ್ಯಾಮುವೆಲ್ ಎಝೆಕಿಯೆಲ್ ದಿವೇಕರ ಎಂಬ ಬೆನೆ ಇಸ್ರಾಯೇಲ್ ಯೋಧನು ಟೀಪು ಸುಲ್ತಾನನ ಸೆರೆಯಾದನು. ‘ಇವರು ಕುರಾನಿನಲ್ಲಿ ಹೇಳಿರುವ ಇಸ್ರಾಯೇಲರ ಮಕ್ಕಳು, ಕೊಲ್ಲಬೇಡ’ ಎಂದು ಟೀಪುವಿನ ತಾಯಿಯೇ ತಡೆದಳೆಂದು ಆ ಜನರಲ್ಲಿ ಪ್ರತೀತಿಯುಂಟು. ಬಿಡುಗಡೆಯಾದರೆ ದೇವಮಂದಿರವನ್ನು ಕಟ್ಟಿಸುವೆನೆಂದು ಅವನು ಹರಕೆ ಹೊತ್ತಿದ್ದನಂತೆ. ೧೭೯೬ರಲ್ಲಿ ಮುಂಬಯಿಯಲ್ಲಿ ಅವನು ಕಟ್ಟಿಸಿದುದೇ ಆ ನಗರದ ಮೊದಲನೆಯ ಯೆಹೂದ್ಯ ಮಂದಿರವು. ೧೯೪೮ರಲ್ಲಿ ಇಸ್ರೇಲ್ ರಾಜ್ಯವು ಸ್ಥಾಪಿತವಾದ ಮೇಲೆ ಈ ಜನರಲ್ಲಿ ಬಹುಮಂದಿ ಅಲ್ಲಿಗೆ ಹೊರಟುಹೋದರು. ಈಗ ನಮ್ಮ ದೇಶದಲ್ಲಿ ಕೆಲವು ಸಾವಿರ ಮಂದಿ ಮಾತ್ರ ಉಳಿದಿದ್ದಾರೆ. ಸೈನ್ಯದ ಧರ್ಮಗುರುಗಳ ಪಟ್ಟಿಯಲ್ಲಿ ಯೆಹೂದ್ಯ ಗುರುವಿಗೆ ಎಡೆಯಿಲ್ಲ. ಹೀಗೆಂದು ಆ ಮತದವರ ಸೇವೆಯು ಅಲ್ಪವೆಂದು ಎಣಿಸಲಾಗದು. ೧೯೭೧ರ ಡಿಸೆಂಬರ್ ೧೬ರಂದು ಢಾಕಾದಲ್ಲಿ ಪಾಕಿಸ್ತಾನದ ಸೈನ್ಯವು ಶರಣಾಗತವಾಯಿತಷ್ಟೆ. ಆ ಶರಣಾಗತಿಯ ಮಾತುಕತೆಯನ್ನು ನಡೆಸಿದ ಜನರಲ್ ಜೇಕಬರು ಕಲ್ಕತ್ತೆಯ ಯೆಹೂದ್ಯ ಮನೆತನದವರು. ಸಿಂಧನೂರಿನ ಕ್ಯಾಂಪಿನ ಬಂಗಾಳಿ ಮಕ್ಕಳಿಗೆ ನಾವು ಈ ಹೆಸರನ್ನು ಹೇಳಿದಾಗ ಅವರ ಅಜ್ಜಂದಿರು ಅದನ್ನು ಮೊದಲೇ ಹೇಳಿಕೊಟ್ಟಿದ್ದರು.

ಈ ಒಬ್ಬಂಟಿ ಹುಡುಗನಿಗೆ ನಮ್ಮ ಶಿಷ್ಯನು ತನ್ನ ಕೊಠಡಿಯ ಒಂದು ಮೂಲೆಯನ್ನು ಬಿಟ್ಟುಕೊಟ್ಟಿದ್ದನು. ಶುಕ್ರವಾರ ಹೊತ್ತು ಮುಳುಗುವ ಮುನ್ನ ಅಲ್ಲಿ ಎರಡು ಮೇಣದ ಬತ್ತಿಗಳು ಉರಿಯುತ್ತಿದ್ದುವು. ಯೆಹೂದ್ಯರು ಪ್ರಾಯಶ್ಚಿತ್ತದ ದಿನವೆಂದು ವರ್ಷಕ್ಕೊಮ್ಮೆ ಹಗಲೂ ರಾತ್ರಿಯೂ ನೀರನ್ನೂ ಮುಟ್ಟದೆ ಉಪವಾಸವಿರುತ್ತಾರೆ. ಆ ದಿನ ಓಟದಿಂದ ಅವನಿಗೆ ವಿನಾಯಿತಿ ದೊರೆಯುವಂತೆ ಶಿಷ್ಯನು ಡ್ರಿಲ್ಲಿನ ಉಸ್ತಾದನಲ್ಲಿಗೆ ಹೋಗಿ ಕೇಳಿದನಂತೆ. ಉಸ್ತಾದನು ಮೀಸೆ ತಿರುವಿ, ‘ಪಂಡಿತಜೀ, ಏಕಾದಶಿ ನಿಮ್ಮದು, ಇದು ಯಾವ ಏಕಾದಶಿ?’ ಎಂದು ಗದರಿದನಾದರೂ ವಿನಾಯಿತಿಯನ್ನು ಕೊಡಿಸಿದನು.

ಆ ವರ್ಷದ ನವೆಂಬರು ತಿಂಗಳ ಕೊನೆಯಲ್ಲಿ ಕೆಡೆಟ್ಟುಗಳು ಬೆಟ್ಟದ ಕಡೆ ಶಿಬಿರಕ್ಕೆ ಹೋಗಿದ್ದಾಗ ಆ ಹುಡುಗನ ತಂದೆ ಹಠಾತ್ತಾಗಿ ತೀರಿಕೊಂಡರು. ಯೆಹೂದ್ಯರು ಶವವನ್ನು ಬಹಳ ಹೊತ್ತು ಇರಿಸುವುದಿಲ್ಲ. ಸುದ್ದಿ ತಲುಪುವ ವೇಳೆಗೆ ಮಣ್ಣಾಗಿದ್ದಿತು. ಅಧಿಕಾರಿಗಳು ರಜೆಯನ್ನು ಕೊಡಲು ಸಿದ್ಧರಿದ್ದರು. ಆದರೆ ವಿದ್ಯಾಲಯದಿಂದ ತೇರ್ಗಡೆಯಾಗಿ ಹೊರಡುವ ಕವಾಯತಿಗೆ ಉಳಿದಿದ್ದುದು ಸುಮಾರು ಹದಿನೈದೇ ದಿನ. ತಾಯಿಯು ದೂರವಾಣಿಯಲ್ಲಿ, ‘ನಿನ್ನ ಹೆಗಲ ಮೇಲೆ ನಕ್ಷತ್ರ ನೋಡಬೇಕೆಂದು ಅವರು ದಿನ ಎಣಿಸುತ್ತಿದ್ದರು. ಮುಗಿಸಿಕೊಂಡೇ ಬಾ’ ಎಂದಳು. ಹುಡುಗನು ಉಳಿದನು. ಅವರಲ್ಲಿ ಏಳು ದಿನದ ಸೂತಕವುಂಟು. ನೆಲದ ಮೇಲೆ ಕುಳಿತು ಶೋಕವನ್ನು ಆಚರಿಸುವರು. ತಂದೆಗಾಗಿ ಮಗನು ಹೇಳಬೇಕಾದ ಒಂದು ಪ್ರಾರ್ಥನೆಯುಂಟು, ಅದಕ್ಕೆ ಕದ್ದಿಶ್ ಎಂದು ಹೆಸರು. ಆದರೆ ಅದನ್ನು ಒಬ್ಬನೇ ಹೇಳುವಂತಿಲ್ಲ. ಅವರದೇ ಮತದ ಹತ್ತು ಜನ ವಯಸ್ಕರು ಕೂಡಿರಬೇಕು. ಅಲ್ಲಿ ಇದ್ದವನು ಇವನೊಬ್ಬನು.

ಆ ರಾತ್ರಿ ಒಂಬತ್ತರ ಮೇಲೆ ನಮ್ಮ ಮನೆಯ ದೂರವಾಣಿ ಬಾರಿಸಿತು. ಶಿಷ್ಯನು ಎಲ್ಲವನ್ನೂ ಅವಸರದಿಂದ ಹೇಳಿ, ‘ಗುರುಗಳೆ, ಅವನಿಗೆ ಹತ್ತು ಜನ ಬೇಕಂತೆ. ನಾವು ಒಂಬತ್ತು ಜನ ಅವನ ಸಂಗಡ ಕುಳಿತರೆ ಆದೀತೆ?’ ಎಂದು ಕೇಳಿದನು. ನಾವು ಏನು ಹೇಳಬೇಕಾಗಿದ್ದಿತು? ಮಗುವನ್ನು ಕಳೆದುಕೊಂಡ ಮನೆಗೆ, ಮಾಂಗಲ್ಯವನ್ನು ಕಳೆದುಕೊಂಡ ಮನೆಗೆ ನಾವು ಹೋಗಿ ಕುಳಿತುಕೊಳ್ಳುವುದಿಲ್ಲವೆ? ಅಲ್ಲಿ ಜಾತಿಯನ್ನು ಕೇಳುವೆವೆ? ಆದರೆ ನಾವು ಹೇಳಿದ್ದು ಬೇರೆ. ‘ಯಾರದೋ ಅಪರಕರ್ಮದಲ್ಲಿ ನಿನಗೇನು ಕೆಲಸ? ಅವರ ಶಾಸ್ತ್ರವೂ ಒಪ್ಪದು, ನಮ್ಮ ಶಾಸ್ತ್ರವೂ ಒಪ್ಪದು’ ಎಂದು ಹೇಳಿ ದೂರವಾಣಿಯನ್ನು ಇಟ್ಟುಬಿಟ್ಟೆವು. ಅಷ್ಟಕ್ಕೆ ತೃಪ್ತಿಯಾಗದೆ ಮಾರನೆಯ ದಿನ ನಾಲ್ಕು ಪುಟದ ಕಾಗದವನ್ನು ಬರೆದೆವು. ಮೀಮಾಂಸೆಯಲ್ಲಿ ಪ್ರತಿನಿಧಿಯ ವಿಚಾರವಿದೆಯಷ್ಟೆ: ಸೋಮಲತೆಯು ದೊರೆಯದಿದ್ದರೆ ಪೂತೀಕವನ್ನು ಬಳಸಬಹುದು, ಬತ್ತವಿಲ್ಲದಿದ್ದರೆ ನೀವಾರವನ್ನು ಬಳಸಬಹುದು, ಆದರೆ ಕರ್ಮವನ್ನು ಮಾಡುವ ಯಜಮಾನನಿಗೂ, ದೇವತೆಗೂ, ಮಂತ್ರಕ್ಕೂ ಪ್ರತಿನಿಧಿಯಿಲ್ಲ. ಇದನ್ನೆಲ್ಲ ವಿಸ್ತರಿಸಿ, ಪರಧರ್ಮದ ವಿಷಯದಲ್ಲಿ ಗೀತೆಯ ಮಾತನ್ನೂ ಸೇರಿಸಿ, ‘ನೀನು ಕಲಿತದ್ದನ್ನು ದಂಡಿನಲ್ಲಿ ಮರೆತಿರುವೆ’ ಎಂದು ಮುಗಿಸಿದೆವು. ಓದಿದವರು ವಿದ್ವತ್ತೆಂದೇ ತಿಳಿಯಬೇಕು. ಆದರೆ ಸಂಜೆಯ ಪಾಠಶಾಲೆಯನ್ನು ಬಿಟ್ಟುಹೋದವನ ಮೇಲಿನ ಎರಡು ವರ್ಷದ ಮುನಿಸು ಅದರ ಸಾಲುಸಾಲಿನಲ್ಲಿಯೂ ಇದ್ದಿತು. ಶಾಸ್ತ್ರದ ಹೆಸರಿನಲ್ಲಿ ಸಿಟ್ಟನ್ನು ಬರೆಯುವುದು ಸುಲಭ, ಬರೆದವನಿಗೇ ತಿಳಿಯುವುದಿಲ್ಲ.

ಉತ್ತರವು ಬರಲಿಲ್ಲ. ಪುಷ್ಯ ಕಳೆಯಿತು, ಮಾಘ ಕಳೆಯಿತು. ತಿಂಗಳ ಕಾಗದವೂ ನಿಂತಿತು. ಅಂಚೆಯವನು ಬೀದಿಯಲ್ಲಿ ಬರುವ ಹೊತ್ತಿಗೆ ನಮ್ಮ ಮನೆಯವರು ಏನಾದರೊಂದು ನೆವದಿಂದ ಜಗುಲಿಗೆ ಬರುವುದನ್ನು ಕಂಡೂ ಕಾಣದವರಂತೆ ಇದ್ದೆವು.

ಯುಗಾದಿಯ ಮುಂಚೆ ಅವನೇ ಬಂದನು. ಕೂದಲು ಸಣ್ಣದಾಗಿ ಕತ್ತರಿಸಿದ್ದಿತು, ಶಿಖೆ ಮಾತ್ರ ಇದ್ದಿತು. ನಡಿಗೆಯಲ್ಲಿ ದಂಡಿನ ಗತ್ತು. ಕಾಲಿಗೆರಗಿ, ‘ಗುರುಗಳೆ, ಮಸ್ಕಿಯ ಬಂಡೆಯ ಹತ್ತಿರ ಹೋಗಿಬರೋಣ’ ಎಂದನು. ಲಿಂಗಸುಗೂರಿಗೂ ಸಿಂಧನೂರಿಗೂ ನಡುವೆ ದಾರಿಯಲ್ಲಿಯೇ ಮಸ್ಕಿ. ಶಾಲೆಯ ಮಕ್ಕಳನ್ನು ನಾವು ಪ್ರತಿವರ್ಷವೂ ಕರೆದುಕೊಂಡು ಹೋಗುತ್ತಿದ್ದ ಜಾಗವದು. ೧೯೧೫ರಲ್ಲಿ ಬೀಡನ್ ಎಂಬ ಗಣಿಯ ಎಂಜಿನಿಯರನು ಅಲ್ಲಿ ಬಂಡೆಯ ಮೇಲಿನ ಅಕ್ಷರಗಳನ್ನು ಕಂಡನು. ಅದುವರೆಗೆ ದೊರೆತ ಧರ್ಮಶಾಸನ ಯಾವುದರಲ್ಲಿಯೂ ಇರದ ಅಶೋಕನ ಹೆಸರು ಅದರಲ್ಲಿ ಸ್ಪಷ್ಟವಾಗಿ ಇದ್ದಿತು. ದೇವಾನಾಂಪ್ರಿಯನೆಂದರೆ ಅಶೋಕನೇ ಎಂಬುದು ಹೀಗೆ ನಮ್ಮ ಮಸ್ಕಿಯಿಂದ ಸಿದ್ಧವಾಯಿತು. ದೊಡ್ಡವರು ಮಾತ್ರವಲ್ಲ, ಸಣ್ಣವರೂ ಧರ್ಮದಿಂದ ಆ ಪದವಿಯನ್ನು ಪಡೆಯಬಲ್ಲರೆಂಬುದು ಆ ಶಾಸನದ ತಾತ್ಪರ್ಯ. ಬಂಡೆಯ ನೆರಳಿನಲ್ಲಿ ಕುಳಿತು ಶಿಷ್ಯನು ನಡೆದುದನ್ನು ಹೇಳಿದನು.

ದೂರವಾಣಿಯನ್ನು ಇಟ್ಟ ಮೇಲೆ ಅವನು ಹುಡುಗನ ಕೊಠಡಿಗೆ ಹೋಗಿ ‘ನಾವು ಏನು ಮಾಡಬೇಕು?’ ಎಂದು ಅವನನ್ನೇ ಕೇಳಿದನಂತೆ. ಹುಡುಗನು, ‘ಆ ಪ್ರಾರ್ಥನೆಯನ್ನು ನಾನು ಇಲ್ಲಿ ಹೇಳುವಂತಿಲ್ಲ, ಪಂಡಿತಜೀ. ದಾವೀದನ ಕೀರ್ತನೆಗಳನ್ನು ಒಬ್ಬನೇ ಓದಬಹುದು. ನೀವು ಸುಮ್ಮನೆ ಕುಳಿತಿದ್ದರೆ ಸಾಕು’ ಎಂದನು. ಅಂದಿನಿಂದ ಸಂಜೆಯ ಹಾಜರಿಯಾದ ಮೇಲೆ ಜನ ಬಂದು ನೆಲದ ಮೇಲೆ ಕುಳಿತುಕೊಂಡರು: ನಮ್ಮ ಶಿಷ್ಯನು, ಗ್ರಂಥಿಗಳು, ಮೌಲವಿಗಳು, ಹುಡುಗನ ಮೂವರು ಗೆಳೆಯರು, ಅಡಿಗೆಯವನು, ಕ್ಷೌರಿಕನು. ಹುಡುಗನೂ ಸೇರಿ ಒಂಬತ್ತು. ಅವನು ತನಗೆ ಬರುವಷ್ಟು ಹೀಬ್ರೂ ಭಾಷೆಯಲ್ಲಿ ಓದುವನು, ಇವರು ಕೇಳುವರು, ಮೌನವಾಗಿ ಎದ್ದುಹೋಗುವರು. ಒಬ್ಬರೂ ತಮ್ಮ ಮಂತ್ರವನ್ನಾಗಲಿ ತಮ್ಮ ದುವಾವನ್ನಾಗಲಿ ಹೇಳಲಿಲ್ಲ. ಐದನೆಯ ದಿನ ಬಾಗಿಲಲ್ಲಿ ಬೂಟಿನ ಸಪ್ಪಳವಾಯಿತು. ಡ್ರಿಲ್ಲಿನ ಉಸ್ತಾದನು ಹೊರಗೆ ಬೂಟು ಬಿಚ್ಚಿ, ಒಳಗೆ ಬಂದು, ಗೋಡೆಯ ಬದಿಗೆ ಕುಳಿತನು. ನಮ್ಮ ಶಿಷ್ಯನು ಮನಸ್ಸಿನಲ್ಲಿ ಎಣಿಸಿದನು, ಒಂಬತ್ತಾಯಿತು. ಒಬ್ಬನು ಕಡಮೆಯಾದನಲ್ಲಾ ಎಂದುಕೊಂಡನು. ಆಮೇಲೆ ಜಗುಲಿಯ ಕಥೆ ನೆನಪಾಗಿ, ತನ್ನನ್ನು ತಾನು ಸೇರಿಸಿಕೊಂಡನು. ಹುಡುಗನೂ ಎಣಿಸಿದ್ದನೆಂದು ತೋರುತ್ತದೆ. ಅವನ ಮುಖದಲ್ಲಿ ಆ ಏಳು ದಿನಗಳಲ್ಲಿ ಒಂದೇ ಸಲ ನಗೆ ಮೂಡಿತಂತೆ. ಆದರೂ ಹತ್ತು ಜನರ ಪ್ರಾರ್ಥನೆಯನ್ನು ಅವನು ಹೇಳಲಿಲ್ಲ. ಅದು ಅವನ ನಿಷ್ಠೆ. ಮೊದಲ ರಜೆಯಲ್ಲಿ ಊರಿಗೆ ಹೋಗಿ, ತನ್ನವರು ಹತ್ತು ಜನರ ನಡುವೆ ನಿಂತು ಅದನ್ನು ಹೇಳಿದನು.

ನಮ್ಮ ಶಿಷ್ಯನು ಈ ಸಲ ಬರುವ ದಾರಿಯಲ್ಲಿ ಆ ಮನೆಗೆ ಹೋಗಿಬಂದಿದ್ದನು. ‘ಅವರ ಮನೆಯಲ್ಲಿ ಮಲೀದಾ ಎಂದು ಮಾಡುತ್ತಾರೆ, ಗುರುಗಳೆ. ಪ್ರವಾದಿ ಎಲೀಯನ ಹೆಸರಿನಲ್ಲಿ ಹಂಚುವುದು’ ಎಂದನು. ನಮ್ಮ ಬಾಯಿಂದ ತಟ್ಟನೆ ಬಂದ ಮಾತು, ‘ಅಲ್ಲಿ ಉಂಡೆಯಾ?’ ಎಂಬುದು. ಅವನು ನಗುತ್ತ, ‘ಮಲೀದಾ ಎಂದರೆ ನೆನೆಸಿದ ಅವಲಕ್ಕಿ, ತೆಂಗಿನ ತುರಿ, ಸಕ್ಕರೆ, ಏಲಕ್ಕಿ. ಸುದಾಮನ ಅವಲಕ್ಕಿಯನ್ನು ಬೇಡವೆನ್ನಲು ನಾನು ಯಾರು?’ ಎಂದನು. ನಮಗೆ ಉತ್ತರವು ತೋಚಲಿಲ್ಲ.

ನಿವೃತ್ತರಾದ ಮೇಲೆ ನಾವು ಈ ವಿಷಯವನ್ನು ಕುರಿತು ದೊರೆತಷ್ಟನ್ನು ಓದಿದೆವು. ಅಶೋಕನು ಧರ್ಮಮಹಾಮಾತ್ರರೆಂಬ ಅಧಿಕಾರಿಗಳನ್ನು ನೇಮಿಸಿ, ಬೌದ್ಧಸಂಘ, ಬ್ರಾಹ್ಮಣರು, ಆಜೀವಿಕರು, ನಿರ್ಗ್ರಂಥರು ಎಲ್ಲರ ಯೋಗಕ್ಷೇಮವನ್ನೂ ಅವರಿಗೆ ಒಪ್ಪಿಸಿದನು. ಸೆರೆಯಲ್ಲಿರುವವರನ್ನು ನೋಡಿಕೊಳ್ಳುವುದೂ ಅವರ ಕೆಲಸವೇ ಆಗಿದ್ದಿತು. ನಮ್ಮ ಶಿಷ್ಯನ ಉದ್ಯೋಗವನ್ನು ನಾವು ದಂಡಿನ ಊಳಿಗವೆಂದು ಹಳಿದೆವು. ಅದರ ಮಾದರಿಯು ನಮ್ಮೂರ ಬಂಡೆಯ ಮೇಲೆ ಹೆಸರು ಕೆತ್ತಿಸಿದ ದೊರೆಯಷ್ಟು ಹಳೆಯದು! ೧೯೮೬ರಲ್ಲಿ ಕಲಬುರಗಿ ಜಿಲ್ಲೆಯ ಸನ್ನತಿಯ ಗುಡಿಯೊಂದರಲ್ಲಿ ಮಾಳಿಗೆ ಕುಸಿದು, ದೇವಿಯ ಪೀಠವಾಗಿದ್ದ ಕಲ್ಲು ಅಶೋಕನ ಶಾಸನವೆಂದು ಬೆಳಕಿಗೆ ಬಂದಿತು. ತನ್ನ ಮತದ ಮೇಲಿನ ಮೋಹದಿಂದ ಪರಮತವನ್ನು ಹಳಿಯುವವನು ತನ್ನ ಮತಕ್ಕೇ ಕೇಡು ಮಾಡುವನೆಂಬ ಆಜ್ಞೆಯು ಆ ಕಲ್ಲಿನಲ್ಲಿರುವ ಶಾಸನಗಳಲ್ಲಿ ಒಂದು. ಇನ್ನೊಂದು ಸಂಗತಿಯು ನಮ್ಮನ್ನು ಬಹಳ ಹೊತ್ತು ಸುಮ್ಮನೆ ಕೂರಿಸಿತು. ಕದ್ದಿಶ್ ಪ್ರಾರ್ಥನೆಯ ಭಾಷೆ ಬಹುಮಟ್ಟಿಗೆ ಅರಮಾಯಿಕ್. ಅದರಲ್ಲಿ ಸಾವಿನ ಮಾತೇ ಇಲ್ಲ; ಭಗವಂತನ ಮಹಿಮೆಯ ಸ್ತುತಿ ಮಾತ್ರವಿದೆ. ಅಶೋಕನು ವಾಯವ್ಯದ ಗಡಿಯ ಪ್ರಜೆಗಳಿಗಾಗಿ ಕಂದಹಾರದಲ್ಲಿ ಧರ್ಮವನ್ನು ಕೆತ್ತಿಸಿದ ಭಾಷೆಗಳು ಎರಡು: ಒಂದು ಗ್ರೀಕು, ಇನ್ನೊಂದು ಅದೇ ಅರಮಾಯಿಕ್. ನಾವು ‘ಯಾರದೋ ಅಪರಕರ್ಮ’ ಎಂದೆವು.

ಹೊರದೇಶಗಳಲ್ಲಿಯೂ ಈ ಮಾತು ಸುಲಭವಾಗಿ ಬಗೆಹರಿಯಲಿಲ್ಲ. ಅಮೆರಿಕೆಯ ವೆಸ್ಟ್ ಪಾಯಿಂಟ್ ಸೈನಿಕ ವಿದ್ಯಾಲಯದಿಂದ ೧೮೦೨ರಲ್ಲಿ ಮೊದಲು ತೇರ್ಗಡೆಯಾದವರು ಇಬ್ಬರೇ. ಅವರಲ್ಲಿ ಒಬ್ಬನಾದ ಸೈಮನ್ ಲೆವಿ ಯೆಹೂದ್ಯನು. ಹೀಗಿದ್ದರೂ ೧೮೬೧ರಲ್ಲಿ ಅಲ್ಲಿಯ ಕಾನೂನು ಸೈನ್ಯದ ಗುರುವು ಕ್ರೈಸ್ತನೇ ಆಗಿರಬೇಕೆಂದು ವಿಧಿಸಿದ್ದಿತು. ಲಿಂಕನ್ನರ ಕಾಲದಲ್ಲಿ, ೧೮೬೨ರಲ್ಲಿ, ಅದು ಬದಲಾಗಿ ಯೆಹೂದ್ಯ ಗುರುಗಳ ನೇಮಕವಾಯಿತು. ೧೯೪೩ರ ಫೆಬ್ರವರಿ ೩ರಂದು ಡಾರ್ಚೆಸ್ಟರ್ ಎಂಬ ಸೈನ್ಯದ ಹಡಗು ಅಟ್ಲಾಂಟಿಕ್ ಸಮುದ್ರದಲ್ಲಿ ಮುಳುಗುವಾಗ ಅದರಲ್ಲಿ ನಾಲ್ವರು ಗುರುಗಳಿದ್ದರು: ಇಬ್ಬರು ಪ್ರಾಟೆಸ್ಟಂಟರು, ಒಬ್ಬರು ಕ್ಯಾಥೊಲಿಕರು, ಅಲೆಕ್ಸಾಂಡರ್ ಗುಡ್ ಎಂಬ ಯೆಹೂದ್ಯರು ಒಬ್ಬರು. ನಾಲ್ವರೂ ತಮ್ಮ ತೇಲುವ ಅಂಗಿಗಳನ್ನು ಬಿಚ್ಚಿ ಸಿಪಾಯಿಗಳಿಗೆ ಕೊಟ್ಟು, ಕೈಕೈ ಹಿಡಿದು, ಹಡಗಿನೊಡನೆ ಮುಳುಗಿದರು. ಅಂಗಿಯನ್ನು ಕೊಡುವಾಗ ಯಾರೂ ಯಾರ ಮತವನ್ನೂ ಕೇಳಲಿಲ್ಲ.

ಮಸ್ಕಿಯ ಬಂಡೆಯ ಬಳಿಗೆ ಮತ್ತೆ ಬರುತ್ತೇವೆ. ಹೊತ್ತು ಇಳಿಯುತ್ತಿದ್ದಿತು. ನಾವು ಕಷ್ಟಪಟ್ಟು, ‘ನಮ್ಮ ಕಾಗದವು ನಿನಗೆ ಬಂದಿತೆ?’ ಎಂದು ಕೇಳಿದೆವು. ಅವನು ಅಂಗಿಯ ಒಳಜೇಬಿನಿಂದ ಅದನ್ನು ತೆಗೆದನು, ಮಡಿಕೆಗಳು ಹರಿಯುವಂತಾಗಿದ್ದುವು. ‘ಬಂದಿತು, ಗುರುಗಳೆ. ಯಜಮಾನನಿಗೆ ಪ್ರತಿನಿಧಿಯಿಲ್ಲವೆಂದು ಬರೆದಿದ್ದಿರಲ್ಲ? ಅದನ್ನು ನೀವು ಜಗುಲಿಯ ಮೇಲೆ ಮೊದಲೇ ಕಲಿಸಿದ್ದಿರಿ. ಅದು ನೆನಪಿದ್ದುದರಿಂದಲೇ ನಾನು ಅವನ ಪರವಾಗಿ ಯಾವ ಮಂತ್ರವನ್ನೂ ಹೇಳಲು ಹೋಗಲಿಲ್ಲ; ಸುಮ್ಮನೆ ಕುಳಿತೆ. ನೀವು ಕಲಿಸದಿದ್ದರೆ ಶಾಂತಿಪಾಠವನ್ನು ಆರಂಭಿಸಿ ಆ ಹುಡುಗನ ಮನಸ್ಸನ್ನು ನೋಯಿಸುತ್ತಿದ್ದೆನೋ ಏನೋ. ಕಾಗದಕ್ಕೆ ಉತ್ತರ ಬರೆಯಲು ಮಾತ್ರ ನನಗೆ ತಿಳಿಯಲಿಲ್ಲ. ಎದುರಿಗೆ ಬಂದೇ ಹೇಳಬೇಕೆಂದು ಕಾದೆ’ ಎಂದನು.

ಮಾತು ಸುಳ್ಳಲ್ಲ. ಆದರೆ ನಾವು ಆ ಕಾಗದವನ್ನು ಏತಕ್ಕಾಗಿ ಬರೆದೆವೆಂಬುದು ನಮಗೆ ಗೊತ್ತಿದ್ದಿತು, ಅವನಿಗೂ ಗೊತ್ತಿದ್ದಿತು. ಗೊತ್ತಿದ್ದೂ ಅವನು ಅದರಲ್ಲಿ ಒಳ್ಳೆಯದೊಂದು ಕಾಳನ್ನು ಆರಿಸಿ ನಮ್ಮ ಕೈಗೆ ಕೊಟ್ಟನು. ಶಿಬಿರದಿಂದ ಬಂದ ಹುಡುಗನ ಬಳಿ, ಆಸ್ಪತ್ರೆಯ ಹಾಸಿಗೆಯ ಬಳಿ, ಬಂಧನದಲ್ಲಿದ್ದ ಸಿಪಾಯಿಯ ಬಳಿ ಅವನು ಹೇಗೆ ಕುಳಿತುಕೊಳ್ಳುತ್ತಿದ್ದನೋ ಹಾಗೆಯೇ ಆ ಸಂಜೆ ನಮ್ಮ ಬಳಿ ಕುಳಿತಿದ್ದನು. ಅವನು ರಜೆಯ ಮೇಲೆ ಬಂದಿರಲಿಲ್ಲ. ತನ್ನ ಕೆಲಸದ ಮೇಲೆಯೇ ಬಂದಿದ್ದನು. ಅವನು ಯೆಹೂದ್ಯ, ಇವನು ಮೌಲವಿ, ಇವನು ಅಡಿಗೆಯವನು, ಇವರಾರೂ ಲೆಕ್ಕಕ್ಕೆ ಬಾರರು ಎಂದು ಎಲ್ಲರನ್ನೂ ಎಣಿಸಿ ಬಿಟ್ಟ ನಾವು, ಸಂತಾಪಕ್ಕೆ ಪಾತ್ರರಾದವರಲ್ಲಿ ನಮ್ಮನ್ನು ಎಣಿಸಿಕೊಂಡಿರಲಿಲ್ಲ. ಅವನು ಎಣಿಸಿದ್ದನು.

ಬೆಟ್ಟ ಇಳಿಯುವಾಗ ಅವನು ನಮ್ಮ ಕೈಯನ್ನು ಹಿಡಿದುಕೊಂಡನು. ಮಸ್ಕಿಯ ನಿಲ್ದಾಣದಲ್ಲಿ ಸಿಂಧನೂರಿನ ಬಸ್ಸಿಗಾಗಿ ಕಾಯುತ್ತಿರುವಾಗ, ‘ಮಂಗಳಾರತಿಯನ್ನು ಈಗಲೂ ಹತ್ತು ನಿಮಿಷ ತಡಮಾಡುತ್ತಿರುವೆಯಾ?’ ಎಂದು ಕೇಳಿದೆವು. ‘ಚಳಿಗಾಲದಲ್ಲಿ ಹದಿನೈದು, ಗುರುಗಳೆ’ ಎಂದನು. ‘ಆಗಲಿ’ ಎಂದೆವು.